ಆರನೆಯ ಕುರ್ಚಿ

‘ಆಗುತ್ತದೆ, ಸರ್’ ಎಂದುಬಿಟ್ಟ ಮೇಲಷ್ಟೇ ರಘೋತ್ತಮನಿಗೆ ಹೊಳೆದದ್ದು, ತನ್ನನ್ನು ಕೇಳಿದ ಪ್ರಶ್ನೆ ಏನೆಂದು.

ಜ್ಯೂರಿಗೆ ಜನರನ್ನು ಆರಿಸುವ ಕೊನೆಯ ದಿನ. ಜ್ಯೂರಿಗೆ ಕರೆಸಿದ ಉಳಿದವರನ್ನೆಲ್ಲ ಹೊರಗೆ ಕಳಿಸಿ, ಇವನೊಬ್ಬನನ್ನೇ ಕೂರಿಸಿಕೊಂಡು ಸರ್ಕಾರಿ ವಕೀಲ ಕೇಳಿದ್ದ: ಅಪರಾಧ ಸಾಬೀತಾದರೆ ಈ ಮನುಷ್ಯನಿಗೆ ಮರಣದಂಡನೆ ಕೊಡಲು ನಿಮ್ಮಿಂದ ಆಗುತ್ತದೆಯೆ? ಈ ಮನುಷ್ಯ ಎಂದರೆ ಕರ್ಟಿಸ್. ಇಪ್ಪತ್ತನಾಲ್ಕು ವರ್ಷದ ಕಪ್ಪು ಯುವಕ. ಗ್ರೋಸರಿ ಅಂಗಡಿಯ ಬಿಳಿಯ ಮಾಲೀಕನನ್ನು ಗುಂಡಿಟ್ಟು ಕೊಂದನೆಂಬ ಆರೋಪ. ಹತ್ತಡಿ ದೂರದಲ್ಲಿ, ಯಾರದೋ ದೊಗಲೆ ಕೋಟು ತೊಟ್ಟು ಕೂತಿದ್ದ.

ರಘೋತ್ತಮ ಅವನನ್ನು ನೋಡಿರಲಿಲ್ಲ. ವಕೀಲನ ಹುಬ್ಬು ನೋಡುತ್ತಿದ್ದ. ಬೆಂಗಳೂರಿನ ಕಾಲೇಜಿನ ವೈವಾ ಪರೀಕ್ಷೆಯಿಂದ ಹಿಡಿದು ಸಾಂಟಾ ಕ್ಲಾರಾದ ಚಿಪ್ ಕಂಪನಿಯ ಕೆಲಸದವರೆಗೆ, ಹೋದ ವರ್ಷ, ಎಂಬತ್ಮೂರರಲ್ಲಿ, ಸಿಟಿಜನ್‌ಶಿಪ್ ಇಂಟರ್‌ವ್ಯೂವರೆಗೆ, ಅವನು ಎಲ್ಲೂ ಡುಮ್ಕಿ ಹೊಡೆದವನಲ್ಲ. ಕೇಳುವವನಿಗೆ ಯಾವ ಉತ್ತರ ಬೇಕೆಂದು ಮುಖದಲ್ಲೇ ಓದಿಬಿಡುವ ವಿದ್ಯೆ ಅವನಿಗೆ ಕರಗತ. ಹುಬ್ಬು ಮೇಲೇರಿತು, ಇವನ ಬಾಯಿ ತೆರೆಯಿತು. ‘ಗುಡ್’ ಎಂದ ವಕೀಲ. ನಾಚಿಕೆಗೇಡಿನ ಮಾತು, ಆ ಕ್ಷಣ ರಘೋತ್ತಮನಿಗೆ ಖುಷಿಯೇ ಆಗಿತ್ತು.

ಊಟದ ಹೊತ್ತಿಗೆ ಪೇಫೋನಿನಿಂದ ಬೆರ್ರಿಯೆಸಾದ ಮನೆಗೆ ಫೋನು ಮಾಡಿದ. ಹೆಂಡತಿ ವಸುಧಾ ಎತ್ತಿಕೊಂಡಳು.

“ಬಿಟ್ರಾ?”

“ಇಲ್ಲ.”

“ನಿಮ್ಮ ಫ್ರೆಂಡ್ ಕೆಂಪರಾಜು ಅಷ್ಟು ಹೇಳಿಕೊಟ್ಟಿದ್ರಲ್ರೀ. ಜೀವ ತೆಗೆಯೋದು ನಮ್ಮಲ್ಲಿ ಪಾಪ ಅಂದ್ರೆ ಐದು ನಿಮಿಷಕ್ಕೆ ಮನೆಗೆ ಕಳಿಸ್ತಾರೆ ಅಂತ.”

“ಗೊತ್ತು.”

“ಮತ್ತೆ?”

“ಅವನು ಕೇಳಿದ ರೀತಿ ಹಾಗಿತ್ತು.”

ಆ ಕಡೆ ಕುಕ್ಕರು ಕೂಗಿ ಸುಮ್ಮನಾಯಿತು. “ನಿಜವಾಗ್ಲೂ ನಿಮ್ ಕೈಲಿ ಆಗತ್ತೇನ್ರೀ?”

“ಆಫೀಸಿಗೆ ಫೋನ್ ಮಾಡ್ಬೇಕು. ಇಡ್ತೀನಿ.”

ಕಾರಿಡಾರಿನ ಬೆಂಚಿನಲ್ಲಿ ಮಿಸೆಸ್ ಕೋಲ್ಮನ್ ಕಿತ್ತಳೆ ಸುಲಿದು ಅರ್ಧ ಇವನಿಗೆ ಕೊಟ್ಟಳು. ಮೂವತ್ತು ವರ್ಷ ನರ್ಸಾಗಿ ದುಡಿದ ಕಪ್ಪು ಹೆಂಗಸು. ಜ್ಯೂರಿಯ ಆರನೆಯ ಕುರ್ಚಿಯಲ್ಲಿ ಅವಳನ್ನು ಆಗಲೇ ಕೂರಿಸಿದ್ದರು.

“ಏನು ಹೇಳಿದಿರಿ ಅವರಿಗೆ?” ಎಂದು ಕೇಳಿದಳು.

“ಆಗುತ್ತದೆ ಎಂದೆ.”

“ನಾನೂ ಅದನ್ನೇ ಹೇಳಿದೆ. ಮೂರು ದಿನ ಯೋಚಿಸಿ ಹೇಳಿದೆ. ಹೇಳಿ ಬಂದು ಬಾತ್‌ರೂಮಿನಲ್ಲಿ ಅತ್ತೆ. ನೀವು?”

ರಘೋತ್ತಮನ ಬಾಯಿ ತುಂಬ ಹಣ್ಣಿತ್ತು. ನೆಪಕ್ಕೆ ಅದೇ ಸಾಕಾಯಿತು.

ಮಧ್ಯಾಹ್ನ ಸರ್ಕಾರಿ ವಕೀಲ ಎದ್ದು ನಿಂತ. “ಮಿಸೆಸ್ ಕೋಲ್ಮನ್ ಅವರಿಗೆ ಧನ್ಯವಾದ. ಅವರು ಹೋಗಬಹುದು.” ಕಾರಣ ಹೇಳಲಿಲ್ಲ, ಹೇಳಬೇಕೆಂಬ ನಿಯಮವೂ ಇರಲಿಲ್ಲ. ಆ ವಾರ ಹೀಗೆ ಧನ್ಯವಾದ ಪಡೆದು ಮನೆಗೆ ಹೋದ ಕಪ್ಪು ಜನರಲ್ಲಿ ಅವಳು ನಾಲ್ಕನೆಯವಳು, ಇನ್ನು ಉಳಿದವರಿರಲಿಲ್ಲ. ಕೈಚೀಲ ಎತ್ತಿಕೊಂಡು, ಕರ್ಟಿಸ್‌ನತ್ತ ಒಮ್ಮೆ ನೋಡಿ ಹೊರಟುಹೋದಳು. ಆ ಕುರ್ಚಿಗೆ ರಘೋತ್ತಮನನ್ನು ಕರೆದರು. ಕೋರ್ಟಿನ ಕ್ಲರ್ಕ್ ಹೆಂಗಸು ಅವನ ಹೆಸರನ್ನು ಮೂರು ಕಡೆ ಮುರಿದಳು. ಕುರ್ಚಿ ಇನ್ನೂ ಬೆಚ್ಚಗಿತ್ತು.

ಕರ್ಟಿಸ್‌ನ ವಕೀಲ ಆಕ್ಷೇಪಿಸಿದ. ವಕೀಲರಿಬ್ಬರೂ ನ್ಯಾಯಾಧೀಶರ ಮೇಜಿಗೆ ಹೋಗಿ ಪಿಸುಗುಟ್ಟತೊಡಗಿದರು. ಆರನೆಯ ಕುರ್ಚಿ ಸಾಲಿನ ತುದಿಯಲ್ಲಿತ್ತು, ಎಲ್ಲವೂ ಕೇಳಿಸಿತು.

“ಒಬ್ಬ ಕಪ್ಪು ಮನುಷ್ಯನನ್ನೂ ಉಳಿಸಿಲ್ಲ ಇವರು.”

“ಹಾಗಂತ ಎಲ್ಲರೂ ಬಿಳಿಯರೇನಲ್ಲವಲ್ಲ” ಎಂದ ಸರ್ಕಾರಿ ವಕೀಲ. “ಆರನೆಯವರನ್ನು ನೋಡಿ.”

ನ್ಯಾಯಾಧೀಶರು ಕನ್ನಡಕ ಸರಿಪಡಿಸಿಕೊಂಡು ನೋಡಿದರು.

ರಘೋತ್ತಮನದು ಎಣ್ಣೆಗಪ್ಪು ಬಣ್ಣ. ಹೆಣ್ಣಿನ ಕಡೆಯವರಿಗೆ ಕೊಡುವ ಫೋಟೋವನ್ನು ಅವನ ತಾಯಿ ಸ್ಟುಡಿಯೋದವನಿಂದ ತಿದ್ದಿಸಿ ಬೆಳ್ಳಗೆ ಮಾಡಿಸಿದ್ದರು. ಜನ್ಮದಲ್ಲಿ ಉಪಯೋಗಕ್ಕೆ ಬಾರದ ಬಣ್ಣ ಇವತ್ತು ಉಪಯೋಗಕ್ಕೆ ಬಂದಿತ್ತು. ಅವನು ಪಾಸಾದದ್ದು ಉತ್ತರದಿಂದಲ್ಲ. ರಘೋತ್ತಮನಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು.

“ಆಕ್ಷೇಪಣೆ ತಳ್ಳಿಹಾಕಿದೆ” ಎಂದರು ನ್ಯಾಯಾಧೀಶರು.

ಈಗಲೂ ಕಾಲ ಮಿಂಚಿರಲಿಲ್ಲ. ಎದ್ದು ಹೇಳಿದರೆ ಸಾಕಿತ್ತು: ನಾನು ಯೋಚಿಸದೆ ಹೇಳಿದೆ, ಒಂದು ಜೀವದ ಮಾತು ಎಂದು ನೋಡದೆ ಹೇಳಿದೆ, ಯೋಚಿಸಿ ಹೇಳಿದವಳನ್ನು ನೀವು ಕಳಿಸಿಬಿಟ್ಟಿರಿ. ಅವನು ಆ ಮಾತುಗಳನ್ನು ಇಂಗ್ಲಿಷಿನಲ್ಲಿ ಜೋಡಿಸಿಕೊಂಡ. ಸಭ್ಯವಾಗಿದೆಯೆ ಎಂದು ಮತ್ತೊಮ್ಮೆ ನೋಡಿಕೊಂಡ. ಅಷ್ಟರಲ್ಲಿ ಯಾರೋ ಏನೋ ಹೇಳಿದರು, ಉಳಿದ ಹನ್ನೊಂದು ಜನರೂ ಎದ್ದು ನಿಂತರು, ಇವನೂ ನಿಂತ. ನಿಂತವನು, ಯಾರೂ ಏನೂ ಕೇಳದೆಯೇ, ಮಾತಾಡಬೇಕೆಂದು ಬಲಗೈ ಮೇಲೆತ್ತಿದ.

ಕ್ಲರ್ಕ್ ಹೆಂಗಸು ಅವನತ್ತ ಮೆಚ್ಚುಗೆಯಿಂದ ನಕ್ಕಳು. “ಹಾಂ, ಹಾಗೇ. ಪ್ರಮಾಣವಚನಕ್ಕೆ ಎಲ್ಲರೂ ಇವರ ಹಾಗೆ ಬಲಗೈ ಎತ್ತಿ.”

ಅವನ ಪಕ್ಕದಲ್ಲಿ, ಹಿಂದೆ, ಹನ್ನೊಂದು ಬಿಳಿಯ ಕೈಗಳು ಮೇಲೆದ್ದವು. ಅವಳು ಓದತೊಡಗಿದಳು. ಎದುರಿಗೆ ಕರ್ಟಿಸ್ ತಲೆಯೆತ್ತಿ, ಎಲ್ಲಕ್ಕಿಂತ ಮೊದಲು ಎದ್ದ ಆ ಒಂದು ಕಪ್ಪು ಕೈಯನ್ನೇ ನೋಡುತ್ತಿದ್ದ.