ಬಟಾಣಿ ಪಾಸಾದ ಪರೀಕ್ಷೆ

ಆಸ್ಪತ್ರೆಯ ಡಾಕ್ಟರಮ್ಮ ಮೇಜಿನ ಕೆಳಗಿನಿಂದ ಮರದ ಪೆಟ್ಟಿಗೆ ತೆಗೆದು ಮುಚ್ಚಳ ಸರಿಸಿದಾಗ ಚಿಕ್ಕಿ ಕುರ್ಚಿಯಿಂದ ಅರ್ಧ ಎದ್ದಳು. ಅದೇ ಪೆಟ್ಟಿಗೆ. ಅವೇ ಕೆಂಪು ಬ್ಲಾಕುಗಳು, ದಾರಕ್ಕೆ ಪೋಣಿಸುವ ಅವೇ ಮಣಿಗಳು, ರಬ್ಬರ್ ಬ್ಯಾಂಡ್ ಹಾಕಿದ ಚಿತ್ರದ ಕಾರ್ಡುಗಳು. ಅವಳ ಕಾಲೇಜಿನ ಪೆಟ್ಟಿಗೆಗಿಂತ ಬಣ್ಣ ಮಾತ್ರ ಹೊಸದಾಗಿತ್ತು.

ಅಕ್ಕನಿಗೆ ಮಗಳು ಹುಟ್ಟಿದ ಮೇಲೆ ಮನೆಯಲ್ಲಿ ಎಲ್ಲರಿಗೂ ಅವಳು ಚಿಕ್ಕಿಯೇ ಆಗಿದ್ದಳು. ಅಕ್ಕ, ಭಾವ ಕೂಡ ಹಾಗೇ ಕರೆಯುತ್ತಿದ್ದರು. ಹಾಗೆ ಕರೆಯಬೇಕಾದವಳು ಮಾತ್ರ ಇನ್ನೂ ಕರೆದಿರಲಿಲ್ಲ. ಅವಳಿಗೆ ಬಟಾಣಿ ಎಂದು ಹೆಸರಿಟ್ಟವನು ಭಾವ, ಹುಟ್ಟಿದಾಗ ಅಷ್ಟು ದುಂಡಗಿದ್ದಳಂತೆ. ನಾಲ್ಕು ತುಂಬಿದ್ದರೂ ಅವಳು ಯಾರನ್ನೂ ಕರೆಯುತ್ತಿರಲಿಲ್ಲ. ಏನಾದರೂ ಬೇಕಾದರೆ ದೊಡ್ಡವರ ಕೈ ಹಿಡಿದು ಎಳೆದೊಯ್ಯುತ್ತಿದ್ದಳು. ಆಡಿದರೆ ಇನ್ನೊಬ್ಬರ ಮಾತನ್ನೇ ಗಿಣಿಯಂತೆ ಒಪ್ಪಿಸುತ್ತಿದ್ದಳು. ನರ್ಸರಿಯ ಟೀಚರ್ ಅಕ್ಕನನ್ನು ಪಕ್ಕಕ್ಕೆ ಕರೆದು, ಒಮ್ಮೆ ಆಸ್ಪತ್ರೆಗೆ ತೋರಿಸಿ ಎಂದಿದ್ದರು. ಭಾವ ಅದನ್ನು ತಮಾಷೆ ಮಾಡಿ ತಳ್ಳಿಹಾಕಿದ್ದ. ಅವನ ಅಪ್ಪನೂ ಐದು ವರ್ಷದವರೆಗೆ ಬಾಯಿ ಬಿಟ್ಟಿರಲಿಲ್ಲವಂತೆ, ಆಮೇಲೆ ಮನೆಯಲ್ಲಿ ಬೇರೆ ಯಾರಿಗೂ ಬಾಯಿ ಬಿಡಲು ಬಿಡಲಿಲ್ಲವಂತೆ. ಆದರೂ ಅಕ್ಕ ಹಟ ಹಿಡಿದು ದಿನ ಗೊತ್ತುಮಾಡಿಸಿಕೊಂಡಿದ್ದಳು. ಓದಿದವಳು ನೀನೊಬ್ಬಳು ಜೊತೆಗಿರು ಎಂದು ತಂಗಿಯನ್ನೂ ಕರೆತಂದಿದ್ದಳು.

"ಮಗುಗೆ ಇಂಥ ಸಾಮಾನು ಯಾರಾದ್ರೂ ಮೊದಲೇ ತೋರಿಸಿದಾರಾ?" ಡಾಕ್ಟರಮ್ಮ ಕಾಗದದಿಂದ ತಲೆಯೆತ್ತದೆ ಕೇಳಿದರು.

ಚಿಕ್ಕಿ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅಕ್ಕ ಉತ್ತರ ಕೊಟ್ಟಾಗಿತ್ತು. "ಇಲ್ಲ ಮೇಡಂ."

ಬಟಾಣಿ ಸೇತುವೆ ಕಟ್ಟಿದಳು. ಮಣಿ ಪೋಣಿಸಿದಳು. ಕಾರ್ಡುಗಳನ್ನು ಒಂದೊಂದಾಗಿ ತೋರಿಸಿದಂತೆ ನಾಯಿ, ಚಮಚ, ಬಾಗಿಲು, ಗಡಿಯಾರ ಎಂದು ಸ್ಪಷ್ಟವಾಗಿ ಹೇಳಿದಳು. ಕೊನೆಯಲ್ಲಿ ತನಗೆ ತಾನೇ "ಜಾಣೆ, ಈಗ ಇನ್ನೊಂದು" ಎಂದುಕೊಂಡಳು. ಡಾಕ್ಟರಮ್ಮನಿಗೆ ನಗು ಬಂತು. ಹೊರಗೆ ಬೆಂಚಿನ ತುಂಬ ತಾಯಂದಿರು ಕಾಯುತ್ತಿದ್ದರು. ಬೆಳವಣಿಗೆ ವಯಸ್ಸಿಗೆ ತಕ್ಕ ಹಾಗೇ ಇದೆ, ಸ್ವಲ್ಪ ಸಂಕೋಚದ ಮಗು ಇರಬಹುದು, ಒಂದು ವರ್ಷ ಬಿಟ್ಟು ಕರೆತನ್ನಿ ಎಂದು ವರದಿ ಬರೆದುಕೊಟ್ಟರು. ಮಾತಿನ ತರಬೇತಿಯ ತರಗತಿ ಬೇಕಾಗಿಲ್ಲ ಎಂದೂ ಅದರಲ್ಲಿತ್ತು.

ಅಕ್ಕ ಬಸ್ಸಿನಲ್ಲಿ ಅತ್ತಳು. ಎಷ್ಟೋ ತಿಂಗಳ ಮೇಲೆ ಹಗುರಾಗಿ ಅತ್ತ ಅಳು ಅದು. ಚಿಕ್ಕಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

ಹಗಲು ಅವಳು ಒಂದು ಶಿಶುವಿಹಾರದಲ್ಲಿ ಆಯಾ. ಊಟ ಮಾಡಿಸುವುದು, ಚಡ್ಡಿ ಬದಲಾಯಿಸುವುದು, ಮಲಗಿಸುವುದು. ಸಂಜೆ ವಿಶ್ವವಿದ್ಯಾಲಯದ ಕಾಲೇಜಿನಲ್ಲಿ ಮಕ್ಕಳ ಬೆಳವಣಿಗೆಯ ಕೋರ್ಸು. ಅದು ಮುಗಿದರೆ ಟೀಚರ್ ಆಗಬಹುದಿತ್ತು. ತರಗತಿಯಲ್ಲಿ ಅವಳಷ್ಟು ಟಿಪ್ಪಣಿ ಬರೆಯುವವರು ಇರಲಿಲ್ಲ, ಅವಳಷ್ಟು ಹೆದರುವವರೂ ಇರಲಿಲ್ಲ. ಕಳೆದ ತಿಂಗಳ ಪ್ರಾಕ್ಟಿಕಲ್‌ನಲ್ಲಿ ಪ್ರೊಫೆಸರ್ ಮೇಡಂ ಎದುರು ಒಂದು ಮಗುವಿಗೆ ಆ ಪೆಟ್ಟಿಗೆಯ ಪರೀಕ್ಷೆ ಮಾಡಿ ತೋರಿಸಬೇಕಿತ್ತು. ಪೆಟ್ಟಿಗೆಯ ಜೊತೆ ಬರುವ ಪುಸ್ತಕದಲ್ಲಿದ್ದ ಮಾತನ್ನೇ ಆಡಬೇಕು, ಕಣ್ಸನ್ನೆಯಲ್ಲೂ ಸುಳಿವು ಕೊಡಬಾರದು. ಬ್ಲಾಕು ಎತ್ತುವಾಗ ಅವಳು ಆ ಮಾತು ಮರೆಯುತ್ತಿದ್ದಳು. ಪರೀಕ್ಷೆಗೆ ಕೂರಿಸುವ ಮಗುವಿನ ಮೇಲೆ ಅಭ್ಯಾಸ ಮಾಡಬೇಡಿ ಎಂದು ಮೇಡಂ ಎಚ್ಚರಿಸಿದ್ದರು. ಅದನ್ನು ಅವಳು ಚಾಚೂ ತಪ್ಪದೆ ಪಾಲಿಸಿದಳು. ಪ್ರಾಕ್ಟಿಕಲ್‌ಗೆ ಪಕ್ಕದ ಮನೆಯ ಮಗುವನ್ನು ಕರೆದೊಯ್ಯುವುದೆಂದು ನಿರ್ಧರಿಸಿ, ಅಭ್ಯಾಸಕ್ಕೆ ಬಟಾಣಿಯನ್ನು ಕೂರಿಸಿಕೊಂಡಳು.

ಕಾಲೇಜಿನ ಪೆಟ್ಟಿಗೆಯನ್ನು ರುಜು ಹಾಕಿ ಮನೆಗೆ ತರುತ್ತಿದ್ದಳು. ಹಾಲ್‌ನಲ್ಲಿ ಅಕ್ಕನ ಹೊಲಿಗೆ ಮಷೀನಿನ ಪಕ್ಕ ಚಾಪೆ ಹಾಸಿ ಕೂರುತ್ತಿದ್ದಳು. ಮೊದಮೊದಲು ಬಟಾಣಿ ಬ್ಲಾಕುಗಳನ್ನು ಸಾಲಾಗಿ ಇಟ್ಟು ಸುಮ್ಮನಾಗುತ್ತಿದ್ದಳು. ತನ್ನ ಮಾತು ಮುಂದುವರಿಯಲಿ ಎಂದು ಚಿಕ್ಕಿ ಅವಳ ಕೈ ಹಿಡಿದು ಸೇತುವೆ ಮುಗಿಸುತ್ತಿದ್ದಳು, ಕಾರ್ಡಿನ ಹೆಸರನ್ನು ತಾನೇ ಹೇಳುತ್ತಿದ್ದಳು. ನಂತರ ಪುಸ್ತಕದ ಮಾತು: ಜಾಣೆ, ಈಗ ಇನ್ನೊಂದು. ದಿನದಿಂದ ದಿನಕ್ಕೆ ಮಾತು ಮರೆಯುವುದು ನಿಂತಿತು. ಕಲಿಯುತ್ತಿರುವವಳು ತಾನು ಎಂದೇ ಅವಳು ನಂಬಿದ್ದಳು. ಎದುರಿಗೆ ಕೂತವಳೂ ಕಲಿಯುತ್ತಿದ್ದಾಳೆ ಎಂಬುದು, ಮಕ್ಕಳ ಕಲಿಕೆಯನ್ನೇ ಓದುತ್ತಿದ್ದ ಅವಳಿಗೆ ಹೊಳೆಯಲೇ ಇಲ್ಲ. ಪ್ರಾಕ್ಟಿಕಲ್‌ನಲ್ಲಿ ಮೇಡಂ ಬೆನ್ನು ತಟ್ಟಿದ್ದರು.

ವರದಿ ಬಂದ ಸಂಜೆ ಭಾವ ದೊಡ್ಡ ಸಿಹಿ ಡಬ್ಬ ತಂದ. ಡಾಕ್ಟರಿಗೇ ಪಾಠ ಹೇಳಿ ಬಂದಳಂತಲ್ಲ ನನ್ನ ಮಗಳು ಎಂದು ಅವಳನ್ನು ಹೆಗಲ ಮೇಲೆ ಹೊತ್ತು ಕುಣಿದ. ಚಿಕ್ಕಿಯ ಬಾಯಿಗೂ ಒಂದು ತುಂಡು ಇಟ್ಟ.

ತಾನೇ ತಪ್ಪು ತಿಳಿದಿರಬಹುದು ಎಂದು ಅವಳು ಸಮಾಧಾನ ಹೇಳಿಕೊಂಡಳು. ಕಲಿತಿದ್ದಾಳೆ ಎಂದರೆ ಕಲಿಯುವ ಶಕ್ತಿ ಇದೆ ಎಂದೇ ಅಲ್ಲವೇ? ಡಾಕ್ಟರಿಗಿಂತ ತನಗೇನು ಗೊತ್ತು, ಅರ್ಧ ಓದಿದ ಆಯಾ. ಅಡುಗೆಮನೆಯಲ್ಲಿ ಬಟಾಣಿಗೆ ಚಮಚ ತೋರಿಸಿ ಇದೇನು ಎಂದಳು. ಉತ್ತರವಿಲ್ಲ. ಗೋಡೆಯ ಗಡಿಯಾರ ತೋರಿಸಿದಳು. ಬಟಾಣಿ ಅತ್ತ ನೋಡಲೇ ಇಲ್ಲ. ಕೊನೆಗೆ, ಬೇಡ ಬೇಡವೆನ್ನುತ್ತಲೇ, ಒಂದು ಹಾಳೆ ಹರಿದು ಕಾರ್ಡಿನಷ್ಟಗಲ ಕತ್ತರಿಸಿ, ಏನೂ ಬರೆಯದೆ ಎತ್ತಿ ಹಿಡಿದಳು. ಖಾಲಿ ಕಾಗದವನ್ನು ನೋಡಿ ಬಟಾಣಿ "ನಾಯಿ, ಚಮಚ, ಬಾಗಿಲು, ಗಡಿಯಾರ" ಎಂದಳು. "ಜಾಣೆ, ಈಗ ಇನ್ನೊಂದು" ಎಂದಳು.

ಚಿಕ್ಕಿ ಆ ಕಾಗದವನ್ನು ಮುದುಡಿ ಮುಷ್ಟಿಯಲ್ಲಿಟ್ಟುಕೊಂಡು ತನ್ನ ಟಿಪ್ಪಣಿ ಪುಸ್ತಕ ತೆರೆದಳು. ಐದು ವರ್ಷದೊಳಗೆ ಸಿಕ್ಕ ಸಹಾಯ ಆಮೇಲೆ ಸಿಗುವುದಕ್ಕಿಂತ ಎಷ್ಟೋ ಹೆಚ್ಚು ಫಲ ಕೊಡುತ್ತದೆ ಎಂದು ಮೇಡಂ ಹೇಳಿದ್ದನ್ನು ಅವಳು ಕೆಂಪು ಶಾಯಿಯಲ್ಲಿ ಗೆರೆ ಎಳೆದು ಬರೆದುಕೊಂಡಿದ್ದಳು. ಡಾಕ್ಟರಮ್ಮ ಹೇಳಿದ ಒಂದು ವರ್ಷ ಎಂದರೆ ಆ ಐದು ದಾಟಿಹೋಗುತ್ತಿತ್ತು.

ಭಾನುವಾರ ಮಧ್ಯಾಹ್ನ ಭಾವ ಹೊರಗೆ ಹೋಗಿದ್ದ. ಅಕ್ಕ ಯಾರದೋ ರವಿಕೆಗೆ ತೋಳು ಕೂಡಿಸುತ್ತಿದ್ದಳು. ಚಿಕ್ಕಿ ಮಷೀನಿನ ಪಕ್ಕ ಕೂತು, ಮಾತು ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು: ಪೆಟ್ಟಿಗೆ, ಅಭ್ಯಾಸ, ಖಾಲಿ ಕಾಗದ. ಅಕ್ಕ ತುಳಿಯುವುದನ್ನು ನಿಲ್ಲಿಸಲಿಲ್ಲ. ತೋಳು ಮುಗಿಸಿ, ದಾರ ಕಡಿದು, ಆಮೇಲೆ ಮಾತಾಡಿದಳು.

"ನಾನೇನು ಕುರುಡೀನಾ ಚಿಕ್ಕಿ? ಪಕ್ಕದಲ್ಲೇ ಕೂತು ದಿನಾ ನೋಡಿಲ್ವಾ? ಅವರ ಮೇಜಿನ ಮೇಲೆ ಆ ಪೆಟ್ಟಿಗೆ ನೋಡಿದ್ಮೇಲೆ ನಂಗೆ ಹೋದ ಜೀವ ಬಂದ ಹಾಗಾಯ್ತು."

"ಮತ್ತೆ ಇಲ್ಲ ಅಂದ್ಯಲ್ಲ ಅಕ್ಕಾ."

"ಹೌದು, ಅಂದೆ. ಪರೀಕ್ಷೆಗೆ ಓದ್ಕೊಂಡು ಹೋಗೋದು ತಪ್ಪಾ? ನೀನು ಓದ್ದೇನೇ ಪಾಸಾದ್ಯಾ?"

ಚಿಕ್ಕಿಗೆ ಹೊಳೆದ ಉತ್ತರ ಅವಳ ಪುಸ್ತಕದ್ದಾಗಿರಲಿಲ್ಲ. "ಇದು ಪಾಸು ಫೇಲು ಅಲ್ಲ ಅಕ್ಕಾ. ಜ್ವರ ನೋಡೋ ಕಡ್ಡೀನ ತಣ್ಣೀರಲ್ಲಿ ಅದ್ದಿ, ಜ್ವರ ಇಲ್ಲ ಅಂತ ಬರೆಸ್ಕೊಂಡು ಬಂದಿದೀವಿ. ಮೈ ಇನ್ನೂ ಸುಡ್ತಾನೇ ಇದೆ."

ಅಕ್ಕನ ಮುಖ ಗಂಟಿಕ್ಕಿತು. ಮಗುವನ್ನು ಕೂರಿಸಿಕೊಂಡು ನಿನ್ನ ಪಾಠ ಮಾಡಿಕೊಂಡೆ, ಈಗ ಅದಕ್ಕೇ ಕಾಯಿಲೆ ಅನ್ನುತ್ತೀಯ, ನಾಲ್ಕು ದಿನ ನಗುವುದಕ್ಕೂ ನಿನ್ನ ಕೋರ್ಸು ಬಿಡುವುದಿಲ್ಲವೇ ಎಂದಳು. ಹೆತ್ತಿದ್ದರೆ ಗೊತ್ತಾಗುತ್ತಿತ್ತು ಎಂದೂ ಅಂದಳು. ಚಿಕ್ಕಿ ಎಲ್ಲವನ್ನೂ ತಲೆ ತಗ್ಗಿಸಿ ಕೇಳಿದಳು. ಮೊದಲನೆಯದು ನಿಜವೇ ಆಗಿತ್ತು. ಆದರೆ ಎದ್ದು ಹೋಗಲಿಲ್ಲ.

ಬಟಾಣಿ ಮಷೀನಿನ ಕೆಳಗೆ ಕೂತು ಬಟ್ಟೆಯ ಚೂರುಗಳನ್ನು ಉದ್ದಕ್ಕೆ ಜೋಡಿಸುತ್ತಿದ್ದಳು. ಅಕ್ಕ ಇದ್ದಕ್ಕಿದ್ದಂತೆ ಡ್ರಾಯರ್ ಎಳೆದು ದಾರದ ರೀಲುಗಳನ್ನು ಮಡಿಲಿಗೆ ಸುರಿದುಕೊಂಡು ನೆಲದ ಮೇಲೆ ಕೂತಳು. ಎರಡು ರೀಲು ನಿಲ್ಲಿಸಿ ಮೂರನೆಯದನ್ನು ಮೇಲೆ ಇಟ್ಟಳು.

"ಇಲ್ಲಿ ನೋಡು. ನಾನು ಮಾಡಿದ ಹಾಗೆ ನೀನೂ ಮಾಡು."

ಅಷ್ಟೂ ಪುಸ್ತಕದ ಮಾತೇ. ಮಷೀನಿನ ಸದ್ದಿನ ನಡುವೆ ಅವಳೂ ಕಲಿತುಬಿಟ್ಟಿದ್ದಳು.

ಬಟಾಣಿ ಒಂದು ರೀಲು ತೆಗೆದುಕೊಂಡು ಉರುಳಿಸಿದಳು. ಅದು ದಾರ ಬಿಡುತ್ತಾ ಗೋಡೆಯವರೆಗೆ ಹೋಯಿತು. ಅಕ್ಕ ಮತ್ತೊಮ್ಮೆ ಕಟ್ಟಿದಳು, ಮತ್ತೊಮ್ಮೆ ಹೇಳಿದಳು. ಕೊನೆಗೆ ಮಗುವಿನ ಗಲ್ಲ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು, "ಅಮ್ಮ ಅನ್ನು" ಎಂದಳು. ಬಟಾಣಿಯ ಕಣ್ಣು ಅವಳ ಕಿವಿಯ ಪಕ್ಕದಿಂದ ಎಲ್ಲೋ ಆಚೆ ನೋಡುತ್ತಿತ್ತು.

"ಅಮ್ಮ ಅನ್ನು" ಎಂದಿತು ಮಗು. "ಜಾಣೆ, ಈಗ ಇನ್ನೊಂದು."

ಅಕ್ಕ ಕೈ ಬಿಟ್ಟಳು. ಬಿಚ್ಚಿಹೋದ ದಾರವನ್ನು ಎಳೆದು ಎಳೆದು ರೀಲಿಗೆ ಸುತ್ತತೊಡಗಿದಳು. ಚಿಕ್ಕಿ ಸಹಾಯಕ್ಕೆ ಕೈ ಚಾಚಿದರೆ ಕೊಡಲಿಲ್ಲ. ಪೂರ್ತಿ ಸುತ್ತಿ ಮುಗಿಸಿ, ತುದಿಯನ್ನು ರೀಲಿನ ಸೀಳಿಗೆ ಸಿಕ್ಕಿಸಿದಳು.

"ಡಾಕ್ಟರಮ್ಮ ಬೈತಾರಾ?"

"ಗೊತ್ತಿಲ್ಲ ಅಕ್ಕಾ. ಇನ್ನೊಂದು ಥರದ ಪರೀಕ್ಷೆ ಇದ್ರೂ ಇರ್ಬಹುದು. ಮಾಡ್ತಾರೋ ಇಲ್ವೋ, ನಂಗೊತ್ತಿಲ್ಲ."

"ನಿನ್ ಭಾವಂಗೆ ಏನು ಹೇಳೋದು?"

ಚಿಕ್ಕಿ ತಲೆ ಎತ್ತಿದಳು. ಸಿಹಿ ಡಬ್ಬ ಇನ್ನೂ ಕಪಾಟಿನ ಮೇಲೆ ಅರ್ಧ ತುಂಬಿಕೊಂಡು ಕೂತಿತ್ತು.

ಅಕ್ಕ ಎದ್ದು ಆಸ್ಪತ್ರೆಯ ವರದಿಯನ್ನು ಕನ್ನಡಿಯ ಹಿಂದಿನಿಂದ ತೆಗೆದು ಕೈಚೀಲಕ್ಕೆ ಹಾಕಿದಳು.

"ನಾಳೆ ರಜಾ ಹಾಕು. ಪೆಟ್ಟಿಗೆ ವಿಷ್ಯ ನೀನು ಹೇಳು. ಇಲ್ಲ ಅಂದಿದ್ದು ನಾನು. ಅದನ್ನ ನಾನೇ ಹೇಳ್ತೀನಿ."

ಮತ್ತೆ ಮಷೀನಿನ ಮುಂದೆ ಕೂತಳು. ಇನ್ನೊಂದು ತೋಳು ಬಾಕಿ ಇತ್ತು. ಆದರೆ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ದಾರದ ತುದಿ ಸೂಜಿಯ ಕಣ್ಣಿನ ಪಕ್ಕಕ್ಕೇ ಹೋಗುತ್ತಿತ್ತು. ಚಿಕ್ಕಿ ದಾರವನ್ನು ತೆಗೆದುಕೊಂಡು ಪೋಣಿಸಿಕೊಟ್ಟಳು. ಅಕ್ಕ ಈ ಸಲ ಬೇಡವೆನ್ನಲಿಲ್ಲ.