ಒಣಮೀನಿನ ಮಾಣಿಕಮ್ಮ

ಅಂಗಳದ ಮರೆಯಲ್ಲಿ ಪೂನಂ ತನ್ನ ಸೋದರತ್ತೆ ಮಾಣಿಕಮ್ಮನ ಹೆಣಕ್ಕೆ ಬಿಸಿನೀರು ಹಾಕುತ್ತಿದ್ದಳು. ನೆರೆಮನೆಯಾಕೆ ಅಂಗೈ ತಿಕ್ಕುತ್ತಿದ್ದಳು.

“ಹುಮನಾಬಾದ್ ಬಜಾರದಾಗ ಜಿಂದಗಿಪೂರಾ ಒಣಮೀನ ಮಾರಿದ ಕೈ. ಈಗ ವಾಸನಿನೇ ಇಲ್ಲ ನೋಡ್ರಿ.”

“ಹೋದ ವರ್ಷನೇ ಬಿಟ್ಟಳಲ್ಲ. ವಯಸ್ಸಾಗಿತ್ತು,” ಎಂದಳು ಪೂನಂ.

ಬಿಳಿ ಬಟ್ಟೆ ಹಿಡಿದು ಮರೆಯ ಆಚೆ ನಿಂತಿದ್ದ ಮಾಣಿಕಮ್ಮನ ಗಂಡ ಧಮ್ಮಪಾಲ ಮೆಲ್ಲಗೆ ಹೇಳಿದ: “ವಯಸ್ಸಿಗಿ ಬಿಡ್ಲಿಲ್ಲವ್ವ. ನಿನ್ನ ಮಾತಿಗಿ ಬಿಟ್ಟಳು.”

ಪೂನಂ ಎತ್ತಿದ ತಂಬಿಗೆ ಅಲ್ಲೇ ನಿಂತಿತು.

*

ಮಾಣಿಕಮ್ಮನ ಚೊಚ್ಚಲ ಕೂಸು ಹೃದಯದಲ್ಲಿ ತೂತಿದ್ದು ತೀರಿಕೊಂಡಿತ್ತು. ಬಸುರಿಯಿದ್ದಾಗಲೂ ಮೀನು ಮಾರಿದ್ದಕ್ಕೇ ಹಾಗಾಯಿತೆಂದು ಅವಳ ಅತ್ತೆ ಸಾಯುವತನಕ ಅಂದಳು. ಮಾಣಿಕಮ್ಮ ಸೊಪ್ಪು ಹಾಕಲಿಲ್ಲ. ಬಸವಕಲ್ಯಾಣದಿಂದ ಬುಟ್ಟಿ ಹೊತ್ತು ಬೆಳಗಿನ ಬಸ್ಸು ಹತ್ತುತ್ತಲೇ ಇದ್ದಳು. ತಾಯಿಯಿಲ್ಲದ ಪೂನಂಳನ್ನು ಓದಿಸಿದ್ದೂ ಆ ಬುಟ್ಟಿಯೇ.

ಹೋದ ವರ್ಷ ಊರಿಗೆ ಬಂದ ಪೂನಂ ತನ್ನ ಸಂಶೋಧನೆಯ ವಿಡಿಯೊವನ್ನು ಮೊಬೈಲಿನಲ್ಲಿ ತೋರಿಸಿದಳು. ಗಾಜಿನಂಥ ಮೀನಿನ ಭ್ರೂಣ. ಒಳಗೆ ಸಾಸಿವೆಗಿಂತ ಸಣ್ಣ ಹೃದಯ ಮಿಡಿಯುತ್ತಿತ್ತು.

“ಸಮುದ್ರದ ತಳದಾಗ ಸ್ಪಂಜ್ ಅಂತ ಒಂದು ಜೀವಿ ಇರ್ತದ, ಅದರಿಂದ ತೆಗೆದ ಒಂದು ಅಂಶ ಈ ನೀರಾಗ ಹಾಕೇವಿ ಅತ್ತಿ. ಹೃದಯ ಹ್ಯಾಂಗ ಸೊಟ್ಟ ಬೆಳ್ಯಾಕತ್ತದ ನೋಡು.”

ಮಾಣಿಕಮ್ಮ ಬಹಳ ಹೊತ್ತು ನೋಡಿದಳು. “ನಮ್ಮ ಮೀನೂ ಸಮುದ್ರದ್ದೇ ಅಲ್ಲೇನವ್ವ? ಅದರಾಗೂ ಇರ್ತದೇನು?”

ಅಷ್ಟರಲ್ಲಿ ಯಾರದೋ ಫೋನು ಬಂತು. “ಇರಬಹುದು ಅತ್ತಿ,” ಎನ್ನುತ್ತ ಪೂನಂ ಎದ್ದು ಹೊರಗೆ ಹೋದಳು.

*

“ಮರುದಿನದಿಂದ ಬುಟ್ಟಿ ಮುಟ್ಟಲಿಲ್ಲ,” ಎಂದ ಧಮ್ಮಪಾಲ. “‘ಕಲಿತ ಹುಡುಗಿ ಸುಳ್ಳ ಹೇಳ್ತಾಳೇನು? ನನ್ನ ಕೂಸಿನ ಜೀವ ನಾನೇ ತಿಂದೆ’ ಅಂತಿದ್ದಳು.”

“ಇಲ್ಲ ಮಾಮಾ! ಅದು ನಾವು ತಿನ್ನೋ ಮೀನಿನ ಮಾತಲ್ಲ. ಅತ್ತಿದು ಏನೂ ತಪ್ಪಿಲ್ಲ. ನಾ ಆಕೀ ಮಾತು ಸರಿಯಾಗಿ ಕೇಳಲೇ ಇಲ್ಲ...”

ಧಮ್ಮಪಾಲ ಬಟ್ಟೆಯನ್ನು ಒಳಗೆ ಚಾಚಿದ. “ಆಕೀಗಿ ಹೇಳಬೇಕಿತ್ತವ್ವ.”

ಬುದ್ಧವಂದನೆ ಮುಗಿದು ಮಣ್ಣು ಕೊಟ್ಟಾಯಿತು. ಹುಮನಾಬಾದಿನ ಮೀನು ಮಾರುವ ಹೆಂಗಸರು ಟೆಂಪೊ ಮಾಡಿಕೊಂಡು ಬಂದು ಬೇವಿನ ನೆರಳಲ್ಲಿ ಕುಳಿತಿದ್ದರು. ಅವರಲ್ಲಿ ಹಿರಿಯಳಾದ ಬಿಸ್ಮಿಲ್ಲಾ ಬೀ ಪೂನಂಳನ್ನು ನೋಡಿದಳು.

“ಬಿಸಲಾಗ ಯಾಕ ನಿಂತೀರಿ ಬಾಯಿ? ನಿಮ್ಮ ಹೆಸರ ತಗದ್ರ ಸಾಕು, ಮಾಣಿಕಮ್ಮನ ಮಾರಿ ಅರಳ್ತಿತ್ತು. ಬರ್ರಿ, ಇಲ್ಲಿ ಕೂಡ್ರಿ.”

ಮುದುಕಿ ನೆಲದ ಕಡ್ಡಿಕಸ ಸರಿಸಿ, ತನ್ನ ಸೆರಗು ಹಾಸಿ, ಅಂಗೈಯಿಂದ ತಟ್ಟಿ ಕರೆದಳು. ಪೂನಂ ನೆರಳಿನ ಅಂಚಿನವರೆಗೆ ಬಂದು ಚಪ್ಪಲಿ ಬಿಟ್ಟಳು. ಹಾಸಿದ ಸೆರಗನ್ನು ನೋಡುತ್ತ, ಕಾದ ನೆಲದ ಮೇಲೆ ಬರಿಗಾಲಲ್ಲಿ ನಿಂತೇ ಇದ್ದಳು.