ಸೊಂಟದಿಂದ ಮೇಲೆ

ಪ್ಯಾಂಟ್ ಮಾಸ್ಟರ್ ಹೊಲಿಯುತ್ತಿದ್ದುದು ಪ್ಯಾಂಟು ಮಾತ್ರ. ಷರ್ಟಿಗೆಂದು ಯಾರಾದರೂ ಬಟ್ಟೆ ತಂದರೆ, ಔಷಧಿ ಅಂಗಡಿಯಲ್ಲಿ ಮೊಳೆ ಕೇಳಿದವರನ್ನು ನೋಡುವಂತೆ ನೋಡಿ ವಾಪಸು ಕಳಿಸುತ್ತಿದ್ದರು. ನೋಡುವುದೆಂದರೂ ಮುಖವನ್ನಲ್ಲ. ಜೀವಮಾನವಿಡೀ ಮೊಣಕಾಲೂರಿ ಅಳತೆ ತೆಗೆದವರು. ಊರಿನವರ ಪರಿಚಯವೆಲ್ಲ ಅವರಿಗೆ ಸೊಂಟದಿಂದ ಕೆಳಗಿನದು. ದಾರಿಯಲ್ಲಿ ಯಾರಾದರೂ ನಮಸ್ಕಾರ ಎಂದರೆ ಮೊದಲು ಪ್ಯಾಂಟಿನ ಹೊಲಿಗೆ ನೋಡಿ, ಆಮೇಲೆ "ಓ, ನೀವಾ" ಅನ್ನುತ್ತಿದ್ದರು. ಒಮ್ಮೆ ಸ್ವಂತ ಭಾವಮೈದುನ ಚಡ್ಡಿ ಹಾಕಿಕೊಂಡು ಎದುರಾದಾಗ ಗುರುತು ಸಿಗದೆ ದಾಟಿ ಹೋಗಿಬಿಟ್ಟಿದ್ದರು. ಅವನ ಮುನಿಸು ಇನ್ನೂ ಇಳಿದಿಲ್ಲ.

ಅವರಿಗೆ ಇನ್ನೊಂದು ಹಟವಿತ್ತು. ಪ್ರತಿ ಹೊಲಿಗೆಯ ಒಳಗೂ ಧಾರಾಳವಾಗಿ ಬಟ್ಟೆ ಬಿಡುವುದು. "ಮನುಷ್ಯ ಅಂದಮೇಲೆ ಊದ್ಕೊಳ್ತಾನೆ. ಬಟ್ಟೆ ಅದಕ್ಕೆ ತಯಾರಾಗಿರ್ಬೇಕು" ಅನ್ನುತ್ತಿದ್ದರು. ಅವರು ಹೊಲಿದ ಪ್ಯಾಂಟನ್ನು ಮೂರು ಸಲ ಬಿಚ್ಚಿ ಅಗಲ ಮಾಡಿಸಿಕೊಂಡು, ಹೊಟ್ಟೆಗೆ ಅಂಕೆಯಿಲ್ಲದೆ ಬಾಳಿದವರು ಊರಿನಲ್ಲಿ ಬೇಕಾದಷ್ಟಿದ್ದರು.

ಅಂಗಡಿಯ ಹಿಂದಿನ ಅರ್ಧಕ್ಕೆ ಒಂದು ಕಂದು ಪರದೆ, ಪರದೆಯ ಹಿಂದೆ ಹೆಂಡತಿ. ಗುಂಡಿ, ಕಾಜ, ಅಂಚು ಮಡಿಚುವುದು ಎಲ್ಲ ಅವಳ ಪಾಲು. ಮನೆಯಲ್ಲಿದ್ದ ಹಳೇ ಮೆಷಿನ್ನಿನಲ್ಲಿ ಅಕ್ಕಪಕ್ಕದ ಮಕ್ಕಳಿಗೆ ಫ್ರಾಕು, ತಮ್ಮಂದಿರಿಗೆ ಷರ್ಟು ಹೊಲಿದು ಕೊಡುತ್ತಿದ್ದಳು. ಮಾಸ್ಟರ್ ಲೆಕ್ಕದಲ್ಲಿ ಅದು ಹೊಲಿಗೆಯಲ್ಲ, ಹೊತ್ತು ಕಳೆಯುವ ಆಟ.

ಹೀಗಿರುವಾಗ ಎದುರುಗಡೆ ರೆಡಿಮೇಡ್ ಅಂಗಡಿ ಬಂತು. ಗಾಜಿನ ಹಿಂದೆ ತಲೆಯಿಲ್ಲದ ಬೊಂಬೆಗಳು. ಬೇಕಾದ್ದನ್ನಷ್ಟೇ ಇಟ್ಟಿದ್ದಾರಲ್ಲ ಎಂದು ಮಾಸ್ಟರ್ ಮೊದಮೊದಲು ಮೆಚ್ಚಿಕೊಂಡರು. ಬರಬರುತ್ತ ಗಿರಾಕಿಗಳೆಲ್ಲ ಆ ಕಡೆ ಸರಿದು, ಇವರಿಗೆ ನೊಣ ಹೊಡೆಯುವ ಕೆಲಸವಷ್ಟೇ ಉಳಿಯಿತು. ಒಂದು ದಿನ ಆ ಅಂಗಡಿಯ ಮಾಲೀಕನೇ ರಸ್ತೆ ದಾಟಿ ಬಂದ. "ನಮ್ಮಲ್ಲಿ ಮೂಲೇಲಿ ಒಂದು ಸ್ಟೂಲ್ ಹಾಕಿಸ್ಕೊಡ್ತೀನಿ ಮಾಸ್ಟರ್. ಉದ್ದ ಆದ ಪ್ಯಾಂಟೆಲ್ಲ ಮೋಟು ಮಾಡಿಕೊಡಿ ಸಾಕು. ಯೋಚ್ನೆ ಮಾಡಿ ತಿಂಗಳ ಕೊನೆಯೊಳಗೆ ಹೇಳಿ" ಅಂದ. ಮಾಸ್ಟರ್ ಆ ರಾತ್ರಿ ಸರಿಯಾಗಿ ಉಣ್ಣಲಿಲ್ಲ. ಕಂಡವರು ಹೊಲಿದ ಪ್ಯಾಂಟಿನ ಕಾಲು ಕತ್ತರಿಸುತ್ತ ಕೂರುವುದಕ್ಕಿಂತ ತನ್ನ ಕೈ ಕತ್ತರಿಸಿಕೊಳ್ಳುವುದೇ ವಾಸಿ ಅನ್ನಿಸಿತು ಅವರಿಗೆ.

ಆಗ ಬಾಯಿಬಿಟ್ಟವಳು ಹೆಂಡತಿ. ಅವಳು ಸಂಜೆ ಹೊತ್ತು ಇಂಗ್ಲಿಷ್ ಕ್ಲಾಸಿಗೆ ಹೋಗುತ್ತಿದ್ದಳು. ಅಲ್ಲಿನ ಟೀಚರಮ್ಮ ವಾರಕ್ಕೊಂದು ಮಾತು ಕಲಿಸಿ, ಅದನ್ನು ಮನೆಯಲ್ಲಿ ನಿಜವಾಗಿ ಬಳಸಿ ಬರಬೇಕೆಂದು ಕಟ್ಟಪ್ಪಣೆ ಮಾಡುತ್ತಿದ್ದರು.

"ರೀ, ನಾವು ಬ್ರಾಂಚ್ ಔಟ್ ಆಗ್ಬೇಕು" ಅಂದಳು.

"ಹಾಗಂದ್ರೆ?"

"ಇರೋ ಕೆಲಸ ಬಿಡದೆ ಹೊಸ ಕೆಲಸಕ್ಕೂ ಕೈ ಹಾಕೋದು. ಪ್ಯಾಂಟಿನ ಜೊತೆ ಷರ್ಟೂ ಇರ್ಲಿ. ನಾನೇನು ಅಂದ್ಕೊಂಡಿದ್ದೆ ಅಂದ್ರೆ..."

ಅವಳು ಅಂದುಕೊಂಡದ್ದನ್ನು ಕೇಳುವ ವ್ಯವಧಾನ ಮಾಸ್ಟರಿಗಿರಲಿಲ್ಲ. ತಟ್ಟೆ ಮುಂದಿಟ್ಟುಕೊಂಡೇ ಅವರು ಮನಸ್ಸಿನಲ್ಲಿ ಕಾಲರ್ ಕತ್ತರಿಸತೊಡಗಿದ್ದರು.

ಮರುದಿನದಿಂದ ಆ ಇಂಗ್ಲಿಷ್ ಮಾತು ಅವರ ಬಾಯಲ್ಲಿ ಹೊಸ ಚಪ್ಪಲಿಯಂತೆ ಕಿರುಗುಟ್ಟತೊಡಗಿತು. ಪಕ್ಕದ ಸೈಕಲ್ ರಿಪೇರಿಯವನಿಗೆ "ಎಷ್ಟು ದಿನಾಂತ ಪಂಕ್ಚರ್ ಹಾಕ್ತೀಯೋ, ಬ್ರಾಂಚ್ ಔಟ್ ಆಗು" ಎಂದು ಬುದ್ಧಿ ಹೇಳಿದರು. ಹಲ್ಲಿನ ಡಾಕ್ಟರಿಗೂ ಅದನ್ನೇ ಹೇಳಿದರು. "ಕಿವಿಯನ್ನೂ ನೋಡಿ, ಹತ್ತಿರದಲ್ಲೇ ಇದೆ" ಎಂದರಂತೆ.

ಮೊದಲ ಷರ್ಟಿಗೆ ಸಿಕ್ಕಿದವರು ಪೋಸ್ಟ್‌ಮ್ಯಾನ್. ನಿವೃತ್ತಿಯಾಗುತ್ತಿದ್ದರು, ಭಾನುವಾರ ಅವರಿಗೆ ಬೀಳ್ಕೊಡುಗೆ ಸಮಾರಂಭ. ಊರಿನ ಒಂದೊಂದು ಬಾಗಿಲೂ ಗೊತ್ತಿದ್ದ ಮನುಷ್ಯ. ಷರ್ಟು ಚೆನ್ನಾಗಿ ಬಂದರೆ ಮನೆಮನೆಗೂ ಸುದ್ದಿ ಮುಟ್ಟುತ್ತದೆ. ಕೆಟ್ಟರೆ ಇನ್ನೂ ಬೇಗ ಮುಟ್ಟುತ್ತದೆ. ಇದೊಂದು ದಡ ಸೇರಿದರೆ ಅಂಗಡಿ, ಇಲ್ಲವಾದರೆ ಸ್ಟೂಲು ಎಂದು ಮಾಸ್ಟರ್ ತಮಗೆ ತಾವೇ ತೀರ್ಪು ಕೊಟ್ಟುಕೊಂಡರು.

ಹುಟ್ಟುಗುಣ ಸುಟ್ಟರೂ ಹೋಗದು. ಅಳತೆ ಟೇಪು ಹಿಡಿದವರೇ ಪೋಸ್ಟ್‌ಮ್ಯಾನ್ ಮುಂದೆ ಮೊಣಕಾಲೂರಿದರು.

"ಮಾಸ್ಟರ್, ನಾನು ಮೇಲಿದೀನಿ" ಅಂದರು ಪೋಸ್ಟ್‌ಮ್ಯಾನ್.

ಮಾಸ್ಟರ್ ಎದ್ದು ಅಳೆದರು. ಕತ್ತರಿಸುವಾಗ ಪರದೆ ಸರಿಸಿ ಇಣುಕಿದ ಹೆಂಡತಿ, "ಕಂಕುಳ ಇಷ್ಟು ಕೆಳಗಿಳಿದ್ರೆ ತೊಂದ್ರೆ ಆಗುತ್ತೆ ಕಣ್ರೀ" ಅಂದಳು.

"ಪ್ಯಾಂಟಿಗೆ ಸೀಟು ಸಡಿಲ ಇರ್ಬೇಕು, ಷರ್ಟಿಗೆ ಕಂಕುಳ. ಎಲ್ಲ ಒಂದೇ ಶಾಸ್ತ್ರ. ನೀನು ಕಾಜ ನೋಡ್ಕೋ."

ಶನಿವಾರ ಬೆಳಿಗ್ಗೆ ಪೋಸ್ಟ್‌ಮ್ಯಾನ್ ಷರ್ಟು ತೊಟ್ಟು ನೋಡಲು ಬಂದರು. "ಕೂತ್ಕೊಳ್ಳಿ" ಅಂದರು ಮಾಸ್ಟರ್. ಕೂತರು. "ಏಳಿ." ಎದ್ದರು. "ಕಾಲ್ಮೇಲೆ ಕಾಲು ಹಾಕಿ." ಹಾಕಿದರು. ಪ್ಯಾಂಟಿಗೆ ಮಾಡುವ ಪರೀಕ್ಷೆಗಳಲ್ಲೆಲ್ಲ ಷರ್ಟು ಪಾಸಾಯಿತು. ಮಾಸ್ಟರ್ ಎದೆಯುಬ್ಬಿಸಿ ಪರದೆಯ ಕಡೆ ನೋಡಿದರು.

"ನಾಳೆ ಸ್ಟೇಜಿನ ಮೇಲಿಂದ ಎಲ್ಲರಿಗೂ ಹೀಗೆ ಕೈ ಎತ್ತಬೇಕಲ್ಲ" ಎಂದು ಪೋಸ್ಟ್‌ಮ್ಯಾನ್ ಎರಡೂ ಕೈ ಎತ್ತಿದರು. ಕೈಯ ಜೊತೆಗೆ ಇಡೀ ಷರ್ಟು ಎದ್ದಿತು. ಇಷ್ಟು ವರ್ಷ ಖಾಕಿಯ ಮರೆಯಲ್ಲಿದ್ದ ಹೊಟ್ಟೆ ಬೀದಿಯ ಬೆಳಕು ಕಂಡಿತು. ಕೈ ಇಳಿಸಿದರೆ ಷರ್ಟು ಇಳಿಯಿತು, ಎತ್ತಿದರೆ ಎದ್ದಿತು. ಪೋಸ್ಟ್‌ಮ್ಯಾನ್ ಪಾಪ, ನಂಬಿಕೆಯಾಗದೆ ನಾಲ್ಕು ಸಲ ಎತ್ತಿ ಇಳಿಸಿದರು.

"ಮಾಸ್ಟರ್, ಇದು ಷರ್ಟಾ, ಅಂಗಡಿ ಷಟರಾ?"

ಮಾಸ್ಟರ್ ಷರ್ಟಿನ ಅಂಚು ಹಿಡಿದು ಕೆಳಗೆಳೆದು ನೋಡಿದರು. ಕತ್ತರಿಸಿದ ಬಟ್ಟೆ ಮತ್ತೆ ಕೂಡಿಕೊಳ್ಳುವುದಿಲ್ಲವೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಎದುರಿನ ಗಾಜಿನ ಹಿಂದೆ, ಆ ಮೂಲೆಯಲ್ಲಿ, ಸ್ಟೂಲು ಆಗಲೇ ಹಾಕಿದಂತೆ ಕಂಡಿತು.

ಪರದೆ ಸರಿಯಿತು. ಹೆಂಡತಿ ಬಂದವಳೇ ಪೋಸ್ಟ್‌ಮ್ಯಾನ್ ಭುಜದ ಹತ್ತಿರ ಷರ್ಟನ್ನು ಚಿವುಟಿ ಮೇಲಕ್ಕೆತ್ತಿ ಹಿಡಿದಳು. "ಈಗ ಕೈ ಎತ್ತಿ ಅಣ್ಣ." ಎತ್ತಿದರು. ಹೊಟ್ಟೆ ಒಳಗೇ ಉಳಿಯಿತು.

"ಭುಜದಲ್ಲಿ ಹಿಡಿದು ಹೊಲಿದ್ರೆ ಕಂಕುಳ ಮೇಲೇರುತ್ತೆ. ಕುತ್ತಿಗೆ, ತೋಳು ನಾನು ಸರಿ ಮಾಡ್ತೀನಿ" ಅಂದಳು.

"ಉದ್ದ ಮೋಟಾಗುತ್ತಲ್ಲೇ" ಎಂದರು ಮಾಸ್ಟರ್, ಸತ್ತ ದನಿಯಲ್ಲಿ.

ಅವಳು ಷರ್ಟಿನ ಕೆಳಗಿನ ಅಂಚು ಮಗುಚಿ ತೋರಿಸಿದಳು. ಅಲ್ಲಿ ಅಂಗೈ ಅಗಲದಷ್ಟು ಬಟ್ಟೆ ಮಡಿಚಿ ಕೂತಿತ್ತು. ಪೋಸ್ಟ್‌ಮ್ಯಾನ್ ಮುಂದೆ ಊದಿಕೊಂಡಾರು, ಬೆಳೆದರೂ ಬೆಳೆದಾರು ಎಂದು ಮಾಸ್ಟರೇ ಬಿಟ್ಟದ್ದು. "ನಿಮ್ಮ ಬುದ್ಧಿ ನಿಮ್ಮನ್ನ ಮುಳುಗಿಸ್ತು, ನಿಮ್ಮ ಬುದ್ಧೀನೇ ಎತ್ತುತ್ತೆ ಬಿಡಿ" ಅಂದಳು. ಅಷ್ಟು ದಿನ ಮಾಸ್ಟರ್ ಹೊರತು ಯಾರೂ ಕೂರದಿದ್ದ ಮುಂದಿನ ಮೆಷಿನ್ನಿಗೆ ಅವಳು ಕೂತಳು. ಮಾಸ್ಟರ್ ಹೊಲಿಗೆ ಬಿಚ್ಚಿಕೊಟ್ಟರು, ಕಾಲರ್ ಹಿಡಿದುಕೊಟ್ಟರು, ಕೊನೆಗೆ ಪರದೆಯ ಹಿಂದೆ ಹೋಗಿ ಗುಂಡಿ ಹಾಕಿದರು. ಒಂದು ಗುಂಡಿ ಸೊಟ್ಟಗಾಯಿತು. ಅವಳು ಅದನ್ನು ಕಿತ್ತು ಮತ್ತೆ ಅವರ ಕೈಗೇ ಕೊಟ್ಟಳು.

ಭಾನುವಾರ ಪೋಸ್ಟ್‌ಮ್ಯಾನ್ ಸ್ಟೇಜಿನ ಮೇಲೆ ಕೈ ಎತ್ತಿದಾಗ ಮಾಸ್ಟರ್ ಕಣ್ಣು ಮುಚ್ಚಿಕೊಂಡಿದ್ದರು. ಚಪ್ಪಾಳೆ ಕೇಳಿ ತೆರೆದರು. ಷರ್ಟು ಇದ್ದಲ್ಲೇ ಇತ್ತು. ಹೊಸ ಷರ್ಟಿನ ಗುಂಗಿನಲ್ಲಿ ಪೋಸ್ಟ್‌ಮ್ಯಾನ್ ಅಗತ್ಯಕ್ಕಿಂತ ಹೆಚ್ಚು ಸಲ ಕೈ ಎತ್ತಿದರು. ಸಮಾರಂಭ ಮುಗಿದ ಮೇಲೆ ರೆಡಿಮೇಡ್ ಮಾಲೀಕ ಹತ್ತಿರ ಬಂದು, "ಷರ್ಟು ನಿಮ್ಮದಂತೆ? ಕೈ ಚೆನ್ನಾಗಿದೆ" ಎಂದ. ಸುತ್ತ ಜನ ನಿಂತಿದ್ದರು. ಹೂಂ ಅಂದುಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೂಂ ಅನ್ನಲೆಂದೇ ಮಾಸ್ಟರ್ ಬಾಯಿ ತೆರೆದದ್ದು.

"ಸೊಂಟದಿಂದ ಕೆಳಗೆ ನಾನು. ಮೇಲೆ ಇವಳು" ಅಂದುಬಿಟ್ಟರು, ಪಕ್ಕದಲ್ಲಿದ್ದ ಹೆಂಡತಿಯನ್ನು ತೋರಿಸುತ್ತ. "ಸ್ಟೂಲಿಗೆ ಬೇರೆ ಯಾರನ್ನಾದ್ರೂ ನೋಡಿಕೊಳ್ಳಿ."

ಇಬ್ಬರೂ ಮನೆಯ ದಾರಿ ಹಿಡಿದರು. "ಆವತ್ತು ಊಟದ ಹೊತ್ತಲ್ಲಿ ಏನೋ ಹೇಳೋಕೆ ಹೊರಟಿದ್ದೆಯಲ್ಲ, ನಾನೇನು ಅಂದ್ಕೊಂಡಿದ್ದೆ ಅಂದ್ರೆ ಅಂತ. ಏನದು?" ಎಂದು ಮಾಸ್ಟರ್ ಕೇಳಿದರು.

"ಏನಿಲ್ಲ. ಆ ಪರದೆ ತೆಗೀರಿ ಅಂತ."

ಮರುದಿನ ಬೆಳಿಗ್ಗೆ ಅಂಗಡಿ ತೆರೆದವರೇ ಮಾಸ್ಟರ್ ಕುರ್ಚಿ ಹತ್ತಿ ಪರದೆ ಬಿಚ್ಚಿದರು. ಬೀದಿಯ ಬೆಳಕು ಹಿಂದಿನ ಗೋಡೆಯವರೆಗೂ ಹೋಯಿತು. ಅಷ್ಟು ವರ್ಷ ಅವಳು ಎಂಥ ಕತ್ತಲಲ್ಲಿ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳೆಂದು ಅವರಿಗೆ ಗೊತ್ತಾದದ್ದು ಆಗಲೇ. ಕುರ್ಚಿಯಿಂದ ಇಳಿಯುವುದನ್ನೂ ಮರೆತು ಅವರು ಅವಳ ಮುಖವನ್ನೇ ನೋಡುತ್ತ ನಿಂತರು.